ಮೂರು ಗಂಟೆಯ ಆಟದಲ್ಲಿ ಎಂತ ಉಂಟು?

ಪ್ರಶ್ನೆ ಬರುವುದು ಯಾವಾಗಲೂ ಒಂದೇ ಧಾಟಿಯಲ್ಲಿ. "ಆ ಹಳದಿ ರೈನ್‌ಕೋಟಿನ ಹುಡುಗಿಯ ಆಟ ಉಂಟಲ್ಲ, ಮಕ್ಕಳದ್ದು, ಮೂರು ಗಂಟೆಯಲ್ಲಿ ಮುಗೀತದಂತೆ. ದುಡ್ಡು ಕೊಟ್ಟು ತಕ್ಕೊಳ್ಳುವಷ್ಟು ಎಂತ ಉಂಟು ಮಾರಾಯ ಅದರಲ್ಲಿ?" ಬದಿಯಡ್ಕದವರು ಕೇಳುವುದೂ ಹೀಗೆ, ಮಂಜೇಶ್ವರದವರು ಕೇಳುವುದೂ ಹೀಗೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ಆಟದ ಹೆಸರು ‘ಲಿಟಲ್ ನೈಟ್‌ಮೇರ್ಸ್’. ಮಾಡಿದ್ದು ಸ್ವೀಡನ್ನಿನ ಮಾಲ್ಮೊ ಊರಿನ ಟಾರ್ಸಿಯರ್ ಸ್ಟುಡಿಯೋಸ್, ಹೊರತಂದದ್ದು ಬಂದಾಯ್ ನಾಮ್ಕೊ, ದಿನ 2017ರ ಏಪ್ರಿಲ್ 28. ಸಿಕ್ಸ್ ಎಂಬ ಒಂಬತ್ತು ವರ್ಷದ ಹುಡುಗಿ ‘ಮಾ’ ಎಂಬ ದೊಡ್ಡ ಕಬ್ಬಿಣದ ಹಡಗಿನ ತಳದಿಂದ ಮೇಲಕ್ಕೆ ತಪ್ಪಿಸಿಕೊಂಡು ಬರುವ ಕಥೆ. ಮೊದಲು ಈ ಆಟಕ್ಕೆ ಇಟ್ಟಿದ್ದ ಹೆಸರು ‘ಹಂಗರ್’, ಎಂದರೆ ಹಸಿವು. ಅದನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಮೊದಲು "ಮಕ್ಕಳದ್ದು" ಎಂಬ ಮಾತು. ಗೊಂಬೆಯಂಥ ಹುಡುಗಿ, ಮೊನಚು ಟೊಪ್ಪಿಯ ಪುಟ್ಟ ಜೀವಿಗಳಾದ ನೋಮ್‌ಗಳು, ಅವುಗಳನ್ನು ತಬ್ಬಿಕೊಳ್ಳಬಹುದು ಬೇರೆ. ಇಷ್ಟನ್ನೇ ನೋಡಿ ಎಂಟು ವರ್ಷದ ಮಗುವಿನ ಕೈಗೆ ಕಂಟ್ರೋಲರ್ ಕೊಡುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಆಟಗಳಿಗೆ ವಯಸ್ಸಿನ ಮಿತಿ ಹೇಳುವ ಸಂಸ್ಥೆಗಳಲ್ಲಿ ಯುರೋಪಿನ ಪೆಗಿ ಇದಕ್ಕೆ ಕೊಟ್ಟದ್ದು 16 ವರ್ಷ, ಅಮೆರಿಕದ ಇಎಸ್‌ಆರ್‌ಬಿ ಕೊಟ್ಟದ್ದು ಟೀನ್, ಎಂದರೆ 13ರಿಂದ ಮೇಲೆ. ಕಾರಣ ಇಲ್ಲದೆ ಕೊಟ್ಟದ್ದಲ್ಲ. ಮೊದಲ ಅಧ್ಯಾಯದಲ್ಲೇ ನೇಣು ಹಾಕಿಕೊಂಡ ಮನುಷ್ಯನ ಕಾಲು ತೂಗಾಡುವ ಕೋಣೆಯನ್ನು ದಾಟಬೇಕು. ಪಂಜರದಲ್ಲಿ ಮಕ್ಕಳಿದ್ದಾರೆ. ಮೇಲಿನ ಅಡುಗೆಮನೆಗೆ ಕಳಿಸಲು ಕಟ್ಟಿಟ್ಟ ಪೊಟ್ಟಣಗಳಿವೆ, ಅದರೊಳಗೆ ಏನಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ರಾತ್ರಿ ನಿದ್ದೆ ಬರುವುದಿಲ್ಲ. 13 ದಾಟಿದ ಮಗುವಾದರೆ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು, ಒಂದೇ ಕಂಟ್ರೋಲರನ್ನು ಕೈಯಿಂದ ಕೈಗೆ ದಾಟಿಸುತ್ತ ಆಡಿ. ಅದು ಚಂದ.

ಇನ್ನು "ಮೂರು ಗಂಟೆಯಲ್ಲಿ ಮುಗೀತದೆ" ಎಂಬುದು. ನನಗೆ ಸಿಟ್ಟು ಬರುವುದು ಇಲ್ಲಿ. ಮೊದಲ ಸಲಕ್ಕೆ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ, ಅದು ನಿಜ, ಯಾರೂ ಮುಚ್ಚಿಟ್ಟಿಲ್ಲ. ಆದರೆ ನಮ್ಮ ಕಾಸರಗೋಡಿನವರ ಬಾಯಲ್ಲಿ ಈ ಮಾತು ಬರಬಾರದು. ನಮ್ಮಲ್ಲಿ ‘ಆಟ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಈಗ ಎಷ್ಟೋ ಕಡೆ ಕಾಲಮಿತಿಯದ್ದಾಗಿದೆ, ನಡುರಾತ್ರಿಗೆಲ್ಲ ಮಂಗಳ ಹಾಡಿ ಮನೆಗೆ ಹೋಗುತ್ತೇವೆ. ಅದನ್ನು ನೋಡಿ ಬಂದವರು ಭಾಗವತರ ಪದ ಹೇಗಿತ್ತು, ಬಣ್ಣದ ವೇಷ ಹೇಗಿತ್ತು ಎಂದು ಮಾತಾಡುತ್ತಾರೆಯೇ ಹೊರತು ಗಂಟೆಗೆ ಎಷ್ಟು ರೂಪಾಯಿ ಬಿತ್ತು ಎಂದು ಲೆಕ್ಕ ಹಾಕುವುದಿಲ್ಲ. ವಿಡಿಯೋ ಗೇಮಿಗೆ ಮಾತ್ರ ಯಾಕೆ ಅಡಿಕೆಯ ಹಾಗೆ ತೂಕದ ಲೆಕ್ಕ?

ಬಣ್ಣದ ವೇಷ ಎಂದೆನಲ್ಲ, ಹೆದರಿಕೆಯ ವಿಷಯದಲ್ಲೂ ಅದೇ ಪಾಠ. ರಕ್ಕಸ ರಂಗಕ್ಕೆ ಬರುವ ಮೊದಲು ಆರ್ಭಟ ಕೇಳುತ್ತದೆ, ಚೆಂಡೆ ಏರುತ್ತದೆ, ತೆರೆಯ ಹಿಂದೆ ಏನೋ ಅಲುಗಾಡುತ್ತದೆ. ಮುಖ ಕಾಣುವ ಹೊತ್ತಿಗೆ ಎದುರು ಕೂತ ಮಗು ಅಮ್ಮನ ಸೆರಗಿನೊಳಗೆ ಸೇರಿಯಾಗಿರುತ್ತದೆ. ಎರಡನೇ ಅಧ್ಯಾಯದ ಜಾನಿಟರ್ ಬರುವುದು ಹಾಗೆಯೇ. ಅವನಿಗೆ ಕಣ್ಣು ಕಾಣದು, ಮೈ ಗಿಡ್ಡ, ಕೈ ಮಾತ್ರ ಕೋಣೆಯ ಆ ತುದಿಯವರೆಗೆ ಹೋಗುವಷ್ಟು ಉದ್ದ. ಮೊದಲು ಸದ್ದು, ಆಮೇಲೆ ಬೆರಳು, ಕೊನೆಗೆ ಮುಖ. ಆದ್ದರಿಂದ ಹೆಡ್‌ಫೋನ್ ಇಲ್ಲದೆ ಈ ಆಟ ಆಡಿದವರ ಅಭಿಪ್ರಾಯವನ್ನು ನಾನು ಅರ್ಧಕ್ಕೆ ಇಳಿಸಿಯೇ ಕೇಳುವುದು. ಪರದೆಯ ಬೆಳಕನ್ನು ಸಿಕ್ಕಾಪಟ್ಟೆ ಏರಿಸಿ ಆಡಿದವರದ್ದನ್ನೂ ಅಷ್ಟೇ. ಸಿಕ್ಸ್‌ಳ ಕೈಯಲ್ಲಿ ಲೈಟರ್ ಕೊಟ್ಟಿರುವುದು ಕತ್ತಲೆ ಕತ್ತಲೆಯಾಗಿಯೇ ಇರಲಿ ಎಂದು.

ಆಡಿ ನೋಡಿದವರ ದೂರು ಬೇರೆ, ಅದನ್ನು ನಾನು ಗೌರವದಿಂದ ಕೇಳುತ್ತೇನೆ. "ಕಂಟ್ರೋಲ್ ಸರಿ ಇಲ್ಲ, ಸುಮ್ಮನೆ ಬಿದ್ದು ಸಾಯ್ತಾಳೆ." ಇದರಲ್ಲಿ ಹುರುಳಿದೆ. ಕ್ಯಾಮೆರಾ ಪಕ್ಕದಿಂದ ನೋಡುತ್ತದೆ, ಹಾಗಾಗಿ ಎಡಬಲಕ್ಕೆ ಮಾತ್ರ ದಾರಿ ಎಂದು ಕಣ್ಣು ನಂಬುತ್ತದೆ. ಆದರೆ ಕೋಣೆಗೆ ಆಳ ಇದೆ, ಸಿಕ್ಸ್ ಒಳಕ್ಕೂ ಹೊರಕ್ಕೂ ನಡೆಯುತ್ತಾಳೆ. ಕಿರಿದಾದ ಹಲಗೆ ಅಥವಾ ಪೈಪಿನ ಮೇಲೆ ಒಂದು ಕೂದಲೆಳೆ ಓರೆಯಾದರೂ ಕೆಳಗೆ. ಕೀಬೋರ್ಡಿನಲ್ಲಿ ಆಡಿದರೆ ಎಂಟೇ ದಿಕ್ಕು ಸಿಗುವುದರಿಂದ ಹಲಗೆ ಸ್ವಲ್ಪ ಓರೆಯಾಗಿದ್ದಲ್ಲಿ ಸರಿಪಡಿಸಿಕೊಳ್ಳಲು ಜಾಗವೇ ಇಲ್ಲ. ಅನಲಾಗ್ ಸ್ಟಿಕ್, ಎಂದರೆ ಎಲ್ಲ ದಿಕ್ಕಿಗೂ ವಾಲುವ ಪುಟ್ಟ ಕಡ್ಡಿ, ಇರುವ ಕಂಟ್ರೋಲರ್ ಇಲ್ಲಿ ಶೋಕಿಯಲ್ಲ, ಅದು ಬೇಕೇ ಬೇಕು. 2023ರ ಡಿಸೆಂಬರಿನಲ್ಲಿ ಬಂದ ಮೊಬೈಲ್ ಆವೃತ್ತಿಗಂತೂ ಇದು ಇನ್ನೂ ಹೆಚ್ಚು ನಿಜ. ಗಾಜಿನ ಮೇಲೆ ಹೆಬ್ಬೆರಳು ಜಾರುತ್ತದೆ, ಬ್ಲೂಟೂತ್ ಕಂಟ್ರೋಲರ್ ಜೋಡಿಸಿ.

ಕಂಟ್ರೋಲರ್ ಕೈಗೆ ಬಂದ ಮೇಲೂ ಬೀಳುವವರು ಬೀಳುತ್ತಾರೆ. ಅದಕ್ಕೆ ಕಾರಣ ಬಲಗೈ ಟ್ರಿಗರ್, ಎಂದರೆ ಕಂಟ್ರೋಲರಿನ ಮೇಲಂಚಿನಲ್ಲಿ ತೋರುಬೆರಳಿಗೆ ಸಿಗುವ ಬಟನ್. ಬೇರೆ ಆಟಗಳಲ್ಲಿ ಅಂಚನ್ನು ಮುಟ್ಟಿದರೆ ಸಾಕು, ಪಾತ್ರ ತಾನಾಗಿ ಹಿಡಿದುಕೊಳ್ಳುತ್ತದೆ. ಇಲ್ಲಿ ಹಿಡಿಯುವುದು ನಿಮ್ಮ ಬೆರಳು. ಟ್ರಿಗರ್ ಒತ್ತಿಯೇ ಇಟ್ಟರೆ ಹಿಡಿತ, ಬಿಟ್ಟ ಕ್ಷಣ ಹುಡುಗಿ ಕೆಳಗೆ. ಜಿಗಿಯುವ ಮೊದಲೇ ಒತ್ತಿಕೊಂಡು ಜಿಗಿಯಿರಿ, ಮೇಲೆ ಹತ್ತಿ ಕಾಲು ಊರಿದ ಮೇಲೆ ಬಿಡಿ. ದೂರದ ಜಿಗಿತಕ್ಕೆ ಓಟದ ಬಟನ್ ಒತ್ತಿಕೊಂಡೇ ಜಿಗಿಯಬೇಕು, ನಿಂತಲ್ಲಿಂದ ಜಿಗಿದರೆ ಮುಟ್ಟುವುದಿಲ್ಲ. ಓಡುತ್ತಿರುವಾಗ ಬಗ್ಗುವ ಟ್ರಿಗರ್ ಒತ್ತಿದರೆ ನೆಲದ ಮೇಲೆ ಜಾರಿಹೋಗುತ್ತಾಳೆ, ಅದನ್ನು ಬೆನ್ನಟ್ಟಿ ಬರುವ ಕಡೆಗಳಿಗೆ ಉಳಿಸಿಕೊಳ್ಳಿ. ಹಲಗೆಯ ಮೇಲೆ ಓಡಬೇಡಿ. ಅವಳ ಕಾಲನ್ನು ನೋಡಬೇಡಿ, ನೆರಳನ್ನು ನೋಡಿ, ಆಳ ತಿಳಿಯುವುದು ನೆರಳಿನಿಂದ. ಟಿವಿಗೆ ಜೋಡಿಸಿ ಆಡುವುದಾದರೆ ಟಿವಿಯ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಬಟನ್ ಒತ್ತಿದ್ದಕ್ಕೂ ಅವಳು ಜಿಗಿಯುವುದಕ್ಕೂ ನಡುವೆ ತಡವಾಗುತ್ತದೆ, ಅದನ್ನೂ ಆಟದ ತಪ್ಪೆಂದು ಬರೆದು ಹಾಕುತ್ತೀರಿ.

ಜನ ಮತ್ತೆ ಮತ್ತೆ ಸಾಯುವ ಜಾಗಗಳೂ ಬೆರಳೆಣಿಕೆಯವೇ. ಸೆರೆಮನೆಯಲ್ಲಿ ದೊಡ್ಡ ಕಣ್ಣಿನ ಬೆಳಕು ಬಿದ್ದರೆ ಕಲ್ಲಾಗುತ್ತಾಳೆ. ಬೆಳಕು ದಾಟಿಹೋಗುವವರೆಗೆ ವಸ್ತುವಿನ ನೆರಳಿನಲ್ಲಿ ನಿಲ್ಲಬೇಕು, ಅಂದಾಜಿನ ಮೇಲೆ ಓಡಬಾರದು. ಜಾನಿಟರನ ಹತ್ತಿರ ಬಗ್ಗಿ ನಡೆಯಿರಿ, ಕಿರುಗುಟ್ಟುವ ಹಲಗೆ ಬಿಟ್ಟು ಜಮಖಾನೆಯ ಮೇಲೆ ಹೋಗಿ. ಅವನನ್ನು ಗೆಲ್ಲುವುದು ಓಡಿ ಅಲ್ಲ. ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿರುವ ಪಂಜರದ ಸರಳುಗಳನ್ನು ಎಳೆದು ಬಾಗಿಲನ್ನು ಅವನ ಕೈಗಳ ಮೇಲೆ ಬೀಳಿಸಬೇಕು. ಆ ಕೈಗಳು ತಡಕಾಡುತ್ತಿರುವಾಗ ಹೆದರಿ ಟ್ರಿಗರ್ ಬಿಡುವವರೇ ಅಲ್ಲಿ ಸಾಯುವುದು. ಅಡುಗೆಮನೆಯ ಅವಳಿ ಬಾಣಸಿಗರಿಗೆ ಕಣ್ಣು ಕಾಣುತ್ತದೆ, ಅಲ್ಲಿ ಮೇಜಿನ ಅಡಿಯೇ ದಾರಿ. ಮುಂದೆ ಹೋಗಲು ಮಾಂಸದ ತುಂಡುಗಳನ್ನು ಯಂತ್ರಕ್ಕೆ ಹಾಕಿ, ತಿರುಗಿಸಿ, ಸಾಸೇಜಿನ ಸರ ಇಳಿಸಿ, ಅದನ್ನು ಹಿಡಿದು ತೂಗಿ ದಾಟಬೇಕು. ಹಡಗಿಗೆ ಉಣ್ಣಲು ಬರುವ ಅತಿಥಿಗಳ ಮೇಜಿನ ಮೇಲೆ ಹತ್ತಿದ ಮೇಲೆ ತಿರುಗಿ ನೋಡಲೇಬಾರದು. ಕೊನೆಗೆ ಬರುವ ಹಡಗಿನ ಒಡತಿ ಲೇಡಿಯ ಎದುರು ಮಾತ್ರ ಓಡುವುದು ದಂಡ. ಕತ್ತಲಲ್ಲಿ ನಿಂತು, ಅವಳು ಬರುವ ಕಡೆಗೆ ಮುಖ ಮಾಡಿ, ಕನ್ನಡಿ ಎತ್ತಿ ಹಿಡಿದು ಕಾಯಬೇಕು.

ಆಡಿದಷ್ಟನ್ನು ಉಳಿಸಿಡುವ ಕೆಲಸ ಆಟವೇ ಮಾಡಿಕೊಳ್ಳುತ್ತದೆ, ನಿಗದಿಯಾದ ಜಾಗಗಳಲ್ಲಿ ಮಾತ್ರ. ಮಳೆಗಾಲದ ಸಂಜೆ ಕರೆಂಟು ಹೋದರೆ ಹಿಂದಿನ ಜಾಗದಿಂದ ಮತ್ತೆ ಶುರು. ನಮ್ಮ ಕಡೆ ಜೂನ್ ಜುಲೈಯಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದವರು ಲ್ಯಾಪ್‌ಟಾಪಿನಲ್ಲಿ ಆಡುವುದು ಒಳ್ಳೆಯದು. ಹಳೆಯದಾದರೂ ಆದೀತು, 4 ಜಿಬಿ ರ‍್ಯಾಮ್, 10 ಜಿಬಿ ಖಾಲಿ ಜಾಗ, ಒಂದು ಬಿಡಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನಡೆಯುತ್ತದೆ. ಸತ್ತ ಮೇಲೆ ಮತ್ತೆ ತೆರೆಯಲು ತಡ ಮಾಡುತ್ತದೆ ಎಂಬ ದೂರು ಸರಿಯಾದದ್ದೇ, ಎಸ್‌ಎಸ್‌ಡಿಯಲ್ಲಿ ಹಾಕಿದರೆ ಅದು ಬಹಳ ಮಟ್ಟಿಗೆ ತಪ್ಪುತ್ತದೆ.

ಎರಡನೇ ಆಟ 2021ರ ಫೆಬ್ರುವರಿಯಲ್ಲಿ ಬಂತು. ಅದರಲ್ಲಿ ಮೋನೊ ಎಂಬ ಹುಡುಗ ಕಾಗದದ ಚೀಲವನ್ನು ತಲೆಗೆ ಹಾಕಿಕೊಂಡಿರುತ್ತಾನೆ. ಹೆಚ್ಚು ಉದ್ದದ್ದು, ನನ್ನ ಲೆಕ್ಕದಲ್ಲಿ ಹೆಚ್ಚು ಹೆದರಿಸುವಂಥದ್ದು. ಕತ್ತು ಉದ್ದವಾಗುವ ಟೀಚರನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದರ ಸುತ್ತಿಗೆ ಹೊಡೆದಾಟಕ್ಕೆ ಬೈಯುವವರಿಗೆ ಒಂದೇ ಮಾತು: ಸುತ್ತಿಗೆ ಭಾರ, ಹುಡುಗ ಸಣ್ಣವ, ಎತ್ತಿ ಬೀಸಲು ಹೊತ್ತು ಬೇಕು. ಎದುರಿನವ ಹತ್ತಿರ ಬಂದ ಮೇಲಲ್ಲ, ಎರಡು ಹೆಜ್ಜೆ ಮೊದಲೇ ಬೀಸಿ. ಆಸ್ಪತ್ರೆಯ ಬೊಂಬೆಗಳು ಟಾರ್ಚ್ ಬೆಳಕು ಬಿದ್ದಷ್ಟು ಹೊತ್ತು ಮಾತ್ರ ನಿಲ್ಲುತ್ತವೆ, ಹತ್ತಿರದ್ದರ ಮೇಲೆ ಬೆಳಕು ಬಿಟ್ಟು ಹಿಂದೆ ಸರಿಯುತ್ತ ಹೋಗಿ. ಮೂರನೆಯದು 2025ರ ಅಕ್ಟೋಬರಿನದ್ದು, ಸೂಪರ್‌ಮ್ಯಾಸಿವ್ ಗೇಮ್ಸ್ ಮಾಡಿದ್ದು. ಇಬ್ಬರು ಸೇರಿ ಆಡಬಹುದು, ಆದರೆ ಇಂಟರ್‌ನೆಟ್ ಮೂಲಕ ಮಾತ್ರ. ಒಂದೇ ಚಾಪೆಯ ಮೇಲೆ ಕೂತು ಇಬ್ಬರೂ ಆಡಲಾಗದು ಎಂಬುದು ಎಲ್ಲೆಡೆಯ ಆಟಗಾರರ ಕೊರಗು, ನನ್ನದೂ ಹೌದು.

ಇಷ್ಟಾದ ಮೇಲೂ ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ: ಸಿಕ್ಸ್‌ಗೆ ಯಾಕೆ ಅಷ್ಟು ಹಸಿವು? ಇದನ್ನು ಕೇಳಿದವರೊಡನೆ ನಾನು ಬೆಳಗಿನವರೆಗೆ ಮಾತಾಡಿಯೇನು. ಕಥೆಯ ಗುಟ್ಟು ಬೇಡ ಎನ್ನುವವರು ಇಲ್ಲಿಗೆ ನಿಲ್ಲಿಸಿ, ಆಡಿ ಬನ್ನಿ.

ಐದು ಸಲ ಅವಳ ಹೊಟ್ಟೆ ಹಸಿಯುತ್ತದೆ. ಹೊಟ್ಟೆ ಗುಡುಗುತ್ತದೆ, ಬೆನ್ನು ಬಾಗುತ್ತದೆ, ಓಟ ನಿಂತು ಕಾಲೆಳೆಯುತ್ತ ನಡೆಯುತ್ತಾಳೆ. ಮೊದಲ ಸಲ ಸೆರೆಯಲ್ಲಿರುವ ಒಬ್ಬ ಮಗು ಬ್ರೆಡ್ ಎಸೆಯುತ್ತದೆ. ಎರಡನೆಯದು ಮಾಂಸದ ತುಂಡು, ಅದು ಬೋನಿಗೆ ಇಟ್ಟದ್ದು. ಮೂರನೆಯದು ಜೀವಂತ ಇಲಿ. ನಾಲ್ಕನೆಯ ಸಲ, ಅತಿಥಿಗಳ ಭಾಗ ಮುಗಿಯುವ ಹೊತ್ತಿಗೆ, ಒಂದು ಪುಟ್ಟ ನೋಮ್ ತನ್ನ ಬಳಿಯಿದ್ದ ಸಾಸೇಜನ್ನು ಅವಳಿಗೆ ಚಾಚುತ್ತದೆ. ಅವಳು ಸಾಸೇಜನ್ನು ದಾಟಿ ನೋಮ್‌ಗೇ ಬಾಯಿ ಹಾಕುತ್ತಾಳೆ. ಐದನೆಯದು ಲೇಡಿ. ಅಲ್ಲಿಯವರೆಗೆ ನಡೆಸಿಕೊಂಡು ಹೋದದ್ದು ನಮ್ಮ ಬೆರಳು. ತಿನ್ನುವಾಗ ಮಾತ್ರ ನಮ್ಮನ್ನು ಕೇಳುವುದಿಲ್ಲ.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಇದು ಬೇರೆಯವರಿಗಿಂತ ಜೋರಾಗಿ ತಾಗಬೇಕು. ಅಲ್ಲಿಯೂ ಹಸಿದ ಜೀವದ ಮುಂದೆ ಇನ್ನೊಂದು ಜೀವ ತಾನಾಗಿ ಬಂದು ನಿಲ್ಲುತ್ತದೆ. ಹುಲಿ ತಿನ್ನುವುದಿಲ್ಲ, ಪ್ರಾಣವನ್ನೇ ಬಿಡುತ್ತದೆ. ಇಲ್ಲಿ ಕೊಡಲು ಬಂದವನೇ ತುತ್ತು. ಹುಲಿಗಿಂತ ನಮ್ಮ ಹಳದಿ ಕೋಟಿನ ಹುಡುಗಿ ಕ್ರೂರಿ ಎಂದು ಆಟ ಎಲ್ಲೂ ಹೇಳುವುದಿಲ್ಲ. ಹೇಳಲು ಅಲ್ಲಿ ಮಾತೇ ಇಲ್ಲ. ಮೊದಲ ಆಟದುದ್ದಕ್ಕೂ ಒಂದು ಸಂಭಾಷಣೆ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆಯುವ ಕಾಸರಗೋಡಿನ ಹುಡುಗರು ಒಟ್ಟಿಗೆ ಕೂತು ನೋಡಿದರೆ ಯಾರಿಗೂ ಅನುವಾದ ಬೇಡ, ಯಾರಿಗೂ ಹೆಚ್ಚು ಕಡಿಮೆ ಆಗುವುದಿಲ್ಲ. ಆ ದೃಶ್ಯ ಬಂದಾಗ ಯಾವ ಭಾಷೆಯಲ್ಲಾದರೂ "ಅಯ್ಯೋ" ಎನ್ನಬಹುದು.

ಕಥೆ ಅಲ್ಲಿಗೂ ಮುಗಿದಿಲ್ಲ. 2017ರ ಜುಲೈಯಿಂದ 2018ರ ಫೆಬ್ರುವರಿಯವರೆಗೆ ಮೂರು ಉಪಕಥೆಗಳು ಬಂದವು: ‘ದಿ ಡೆಪ್ತ್ಸ್’, ‘ದಿ ಹೈಡ್‌ಅವೇ’, ‘ದಿ ರೆಸಿಡೆನ್ಸ್’. ಅದೇ ಹಡಗಿನಲ್ಲಿ, ಅದೇ ಹೊತ್ತಿನಲ್ಲಿ ತಪ್ಪಿಸಿಕೊಳ್ಳಲು ಹೆಣಗುವ ಒಬ್ಬ ಹುಡುಗನನ್ನು ಅಲ್ಲಿ ನಾವು ನಡೆಸುತ್ತೇವೆ. ಮೂರನೆಯದರ ಕೊನೆಯಲ್ಲಿ ಲೇಡಿ ಅವನನ್ನು ನೋಮ್ ಮಾಡಿಬಿಡುತ್ತಾಳೆ. ಅವನು ಹೋಗಿ ನಿಲ್ಲುವ ಜಾಗದಲ್ಲಿ ಒಂದು ಸಾಸೇಜ್ ಇರುತ್ತದೆ. 2017ರಲ್ಲಿ ಆಡಿ ಮುಗಿಸಿ "ಇಷ್ಟೇ ಅಲ್ವಾ" ಎಂದವರಿಗೆ ತಾವು ಕಂಡದ್ದು ಯಾರ ಸಾವು ಎಂದು ಗೊತ್ತಾದದ್ದು ಹತ್ತು ತಿಂಗಳ ಮೇಲೆ.

ತೆಗೆದುಕೊಳ್ಳುವುದಾದರೆ ಆ ಮೂರೂ ಸೇರಿದ ಕಂಪ್ಲೀಟ್ ಎಡಿಷನ್ ತೆಗೆದುಕೊಳ್ಳಿ, ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಗಾಗ ರಿಯಾಯಿತಿ ಬೀಳುತ್ತದೆ, ಕಾಯಬಹುದು. ಮೊದಲು ಸಿಕ್ಸ್‌ಳ ಕಥೆ, ಆಮೇಲೆ ಹುಡುಗನದ್ದು, ಹಿಂದುಮುಂದು ಮಾಡಬೇಡಿ. ಎರಡೂ ಆದ ಮೇಲೆ ಅಧ್ಯಾಯಗಳ ಪಟ್ಟಿಯಿಂದ ಅತಿಥಿಗಳ ಭಾಗವನ್ನು ಮತ್ತೊಮ್ಮೆ ತೆರೆದು, ಸಾಸೇಜ್ ಹಿಡಿದ ಆ ನೋಮ್ ಇರುವಲ್ಲಿಗೆ ಹೋಗಿ. ಮುಂದೆ ಹೆಜ್ಜೆ ಇಡದೆ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ನೋಡಿ.