ಇನುವಿಕ್‌ನಿಂದ ಟಕ್‌ಗೆ: ಕರಗುವ ನೆಲ, ಬಣ್ಣ ಬದಲಿಸುವ ಕೆರೆಗಳು

ಇನುವಿಕ್ ಊರು ಬಿಟ್ಟು ಸ್ವಲ್ಪ ದೂರ ಹೋದರೆ ಮರಗಳು ಮುಗಿದುಹೋಗುತ್ತವೆ. ಮೊದಲು ಸ್ಪ್ರೂಸ್ ಮರಗಳು ಗಿಡ್ಡವಾಗುತ್ತವೆ, ಆಮೇಲೆ ಅಲ್ಲೊಂದು ಇಲ್ಲೊಂದು, ಆಮೇಲೆ ಒಂದೂ ಇಲ್ಲ. ಉಳಿಯುವುದು ಕುಳ್ಳ ಪೊದೆ, ಪಾಚಿ, ಬಿಳಿ ಹತ್ತಿ ತಲೆಯ ಹುಲ್ಲು. ಮತ್ತೆ ಕೆರೆ. ಎತ್ತ ತಿರುಗಿದರೂ ಕೆರೆ. ಕೆನಡಾದ ವಾಯವ್ಯ ಮೂಲೆಯಲ್ಲಿ ಮೆಕೆಂಜಿ ನದಿ ಸಮುದ್ರ ಸೇರುವ ಡೆಲ್ಟಾ ಒಂದರಲ್ಲೇ 45,000ದಷ್ಟು ಕೆರೆಗಳಿವೆ. ನಾವು ಹೊರಟಿದ್ದು ಡೆಲ್ಟಾದ ಪೂರ್ವಕ್ಕಿರುವ ದಿಬ್ಬಗಳ ಮೇಲಿನ ರಸ್ತೆಯಲ್ಲಿ. ಅಲ್ಲಿಯೂ ಸಾವಿರಾರು.

ನಾವು ಅಂದರೆ ನಾನು ಮತ್ತು ನನ್ನ ತಂಗಿಯ ಗಂಡ. ಅವರು ಕ್ಯಾಲ್ಗರಿಯಲ್ಲಿ ಕೆಲಸದಲ್ಲಿದ್ದಾರೆ. "ಭಾವ, ಬ್ಯಾನ್ಫ್ ಎಲ್ಲರೂ ನೋಡ್ತಾರೆ, ಒಂದ್ಸಲ ಉತ್ತರದ ತುದಿಗೆ ಹೋಗೋಣ" ಅಂತ ಎಳೆದುಕೊಂಡು ಬಂದಿದ್ದು ಅವರೇ. ಜುಲೈ ತಿಂಗಳ ಮೊದಲರ್ಧ. ಸೂರ್ಯ ಮುಳುಗುವ ಮಾತೇ ಇಲ್ಲ. ರಾತ್ರಿ ಹನ್ನೆರಡಕ್ಕೂ ಮಕ್ಕಳು ಬೀದಿಯಲ್ಲಿ ಸೈಕಲ್ ಹೊಡೆಯುತ್ತಿದ್ದರು.

ಇನುವಿಕ್‌ನಲ್ಲೇ ನೆಲದ ಕಥೆ ಶುರುವಾಗುತ್ತದೆ. ಅಲ್ಲಿ ಮನೆಗಳೆಲ್ಲ ಕಂಬಗಳ ಮೇಲೆ ನಿಂತಿವೆ. ನೀರಿನ ಪೈಪು, ಚರಂಡಿ ಪೈಪು ನೆಲದ ಮೇಲೇ ಹಾದುಹೋಗುತ್ತವೆ, ತಗಡಿನ ಹೊದಿಕೆ ಹಾಕಿಕೊಂಡು. ಹೂತರೆ ಪೈಪಿನ ಬಿಸಿಗೆ ಸುತ್ತಲಿನ ಮಣ್ಣೊಳಗಿನ ಮಂಜುಗಡ್ಡೆ ಕರಗಿ ನೆಲ ಕುಸಿಯುತ್ತದೆ. ಊರಿನ ಪುಟ್ಟ ಮಸೀದಿಯನ್ನೂ ನೋಡಿದೆವು. 2010ರಲ್ಲಿ ಅದನ್ನು ವಿನ್ನಿಪೆಗ್‌ನಲ್ಲಿ ಕಟ್ಟಿ, ಲಾರಿಯಲ್ಲೂ ನದಿಯ ದೋಣಿಯಲ್ಲೂ ಸುಮಾರು 4,000 ಕಿ.ಮೀ. ಸಾಗಿಸಿ ತಂದರಂತೆ. ಇದಕ್ಕೂ ಕೆರೆಗೂ ಸಂಬಂಧ ಇಲ್ಲ, ಆದರೆ ಹೇಳದೆ ಬಿಡೋಕೆ ಮನಸ್ಸಾಗಲಿಲ್ಲ.

ಇನುವಿಕ್‌ನಿಂದ ಟಕ್ಟೊಯಾಕ್ಟಕ್‌ಗೆ ಸುಮಾರು 138 ಕಿ.ಮೀ. ಊರಿನವರ ಬಾಯಲ್ಲಿ ಅದು ಬರೀ ಟಕ್. 2017ರ ನವೆಂಬರ್‌ನಲ್ಲಿ ಈ ರಸ್ತೆ ತೆರೆಯುವವರೆಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಗಾಡಿ ಓಡಿಸುತ್ತಿದ್ದರು, ಬೇಸಿಗೆಯಲ್ಲಿ ದೋಣಿ ಇಲ್ಲವೇ ವಿಮಾನ. ಜಲ್ಲಿ ರಸ್ತೆ. ನೆಲವನ್ನು ಅಗೆದೇ ಇಲ್ಲ. ಮೇಲಿನ ಪಾಚಿ ಕಿತ್ತರೆ ಕೆಳಗಿನ ಮಂಜಿಗೆ ಬಿಸಿಲು ತಾಗುತ್ತದೆ ಅಂತ, ಚಳಿಗಾಲದಲ್ಲೇ ಬಟ್ಟೆ ಹಾಸಿ ಅದರ ಮೇಲೆ ಮಣ್ಣು ಸುರಿದು ಎತ್ತರಿಸಿದ್ದಾರೆ.

ನಮ್ಮ ಗೈಡ್ ಇಲ್ಲಿನ ಮೂಲನಿವಾಸಿಗಳಾದ ಇನುವಿಯಾಲುಯಿಟ್ ಸಮುದಾಯದವರು, ಟಕ್ ಕಡೆಯವರೇ. ಹಿಂದೆ ಬೇಸಿಗೆಗಳಲ್ಲಿ ವಿಜ್ಞಾನಿಗಳ ಜೊತೆ ನೀರಿನ ಬಾಟಲಿ ಹೊತ್ತು ಕೆರೆಯಿಂದ ಕೆರೆಗೆ ತಿರುಗಿದ್ದರಂತೆ. ರಸ್ತೆ ಪಕ್ಕ ಗಾಡಿ ನಿಲ್ಲಿಸಿ, ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಒತ್ತಿದರು. ಸಲೀಸಾಗಿ ಇಳಿಯಿತು, ಮಂಡಿಯಷ್ಟು ಆಳ ಹೋಗುವ ಮೊದಲೇ ಟಣ್ ಅಂತ ನಿಂತಿತು. "ಇಷ್ಟೇ ನಮ್ಮ ಬೇಸಿಗೆ," ಅಂದರು. ಅದರ ಕೆಳಗಿರುವುದು ಪರ್ಮಾಫ್ರಾಸ್ಟ್, ಬೇಸಿಗೆಯಲ್ಲೂ ಕರಗದ ನೆಲ. ಸಮುದ್ರದ ಕಡೆ ಹೋದಂತೆ ನೂರಾರು ಮೀಟರ್ ಆಳದವರೆಗೂ ಹೆಪ್ಪುಗಟ್ಟಿದ ಮಣ್ಣು, ಕಲ್ಲು, ಕೆಲವೆಡೆ ಬರೀ ಮಂಜಿನ ದಪ್ಪ ಪದರ.

ಅಲ್ಲಿಂದ ನಡಿಗೆ. ಟಂಡ್ರಾ, ಅಂದರೆ ಮರವಿಲ್ಲದ ಈ ಉತ್ತರದ ಬಯಲು, ದೂರದಿಂದ ಮೆತ್ತಗೆ ಕಾಣುತ್ತದೆ, ನಡೆದರೆ ಗೊತ್ತಾಗುತ್ತದೆ. ಹುಲ್ಲಿನ ಗುಪ್ಪೆ ಮೇಲೆ ಕಾಲಿಟ್ಟರೆ ಅದು ವಾಲುತ್ತದೆ, ಪಕ್ಕದಲ್ಲಿಟ್ಟರೆ ನೀರು. ಸೊಳ್ಳೆಗಳ ವಿಷಯ ಬರೆಯುವುದೇ ಬೇಡ. ಮೊದಲು ಸಿಕ್ಕ ಕೆರೆಯ ನೀರು ಹಾಲು ಹಾಕದ ಚಹಾದ ಬಣ್ಣ. ದಂಡೆ ಪಕ್ಕದಲ್ಲೇ ತಳ ಕಾಣುತ್ತಿರಲಿಲ್ಲ. ದಿಬ್ಬ ಹತ್ತಿ ಇಳಿದರೆ ಎರಡನೇ ಕೆರೆ. ಇದರ ನೀರು ತಿಳಿ. ನೀಲಿ ಹಸಿರು, ಒಳಗಿನ ಗಿಡಗಳು ಒಂದೊಂದೂ ಕಾಣುತ್ತವೆ.

"ಭಾವ, ಇದೇ ಚೆನ್ನಾಗಿರೋ ಕೆರೆ ಅಲ್ವಾ?"

ನನಗೂ ಹಾಗೇ ಅನ್ನಿಸಿತ್ತು. ಗೈಡ್ ನಕ್ಕು ಎದುರಿನ ದಂಡೆ ತೋರಿಸಿದರು. ಅಲ್ಲಿ ದಿಬ್ಬ ಅರ್ಧವೃತ್ತಾಕಾರದಲ್ಲಿ ಕುಸಿದು ಹೋಗಿತ್ತು. ಮೇಲೆ ಪಾಚಿಯ ಹೊದಿಕೆ ಅಂಚಿನಿಂದ ಹರಿದು ಜೋತು ಬಿದ್ದಿದೆ. ಕೆಳಗೆ ಬೂದು ಬಣ್ಣದ ಗೋಡೆ, ಅದರೊಳಗೆ ಹೊಳೆಯುವ ಮಂಜು. ಗೋಡೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಬುಡದಲ್ಲಿ ಕೆಸರು ನಿಧಾನಕ್ಕೆ ಕೆರೆಗೆ ಇಳಿಯುತ್ತಿತ್ತು. ಒಮ್ಮೆ ಅಲೆ ಹೊಡೆದೋ, ಮಳೆಗೋ ದಂಡೆ ಕಿತ್ತು ಮಂಜು ಬಯಲಾದರೆ ಸಾಕು, ಪ್ರತಿ ಬೇಸಿಗೆ ಗೋಡೆ ಕರಗಿ ಹಿಂದೆ ಹಿಂದೆ ಸರಿಯುತ್ತದೆ. ಬಿದ್ದ ಮಣ್ಣೇ ಮಂಜನ್ನು ಮುಚ್ಚುವವರೆಗೆ ನಿಲ್ಲುವುದಿಲ್ಲ.

ಕೆಸರು ಬಿದ್ದ ಕೆರೆ ಕಲಕಬೇಕಲ್ಲ, ತಿಳಿಯಾಗುವುದು ಹೇಗೆ? ನನ್ನ ತಲೆ ಕೆಡಿಸಿದ್ದು ಇದೇ. ಕುಸಿತ ಇಲ್ಲದ ಕೆರೆಗೆ ನೀರು ಬರುವುದು ಮೇಲಿನ ತೆಳು ಪದರದಿಂದ ಮಾತ್ರ. ಕೊಳೆತ ಪಾಚಿ, ಎಲೆಗಳ ರಸ ಇಳಿದು ಕಂದು ಬಣ್ಣ ಬರುತ್ತದೆ. ಅದು ಆ ಕೆರೆಯ ಸಹಜ ಬಣ್ಣ. ಕುಸಿತದಿಂದ ಹೊರಬೀಳುವುದು ಬೇರೆಯೇ ಮಣ್ಣು. ಹಿಮಯುಗದ ಹಿಮನದಿಗಳು ತಂದು ಸುರಿದು ಹೋದ, ಸಾವಿರಾರು ವರ್ಷ ಗಾಳಿ ಮಳೆ ಕಾಣದೆ ಮುಚ್ಚಿಟ್ಟಿದ್ದ ಮಣ್ಣು. ಕ್ಯಾಲ್ಸಿಯಂ, ಸಲ್ಫೇಟ್ ಥರದ ಲವಣಗಳು ಜಾಸ್ತಿ. ಅದರ ಸಣ್ಣ ಜೇಡಿ ಕಣಗಳು ನೀರಿನಲ್ಲಿದ್ದ ಕಂದು ರಸವನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತವೆ. ಕುಸಿತದ ಬುಡದಲ್ಲಿ ಕದಡಿದ್ದರೂ ಉಳಿದ ಕೆರೆ ತಿಳಿಯಾಗಿಬಿಡುತ್ತದೆ.

ಆಮೇಲೆ ಒಳಗಿನ ಬದುಕು ಬದಲಾಗುತ್ತದೆ. ಬೆಳಕು ತಳ ಮುಟ್ಟುತ್ತದೆ, ಅಲ್ಲಿ ಗಿಡಗಳು ದಟ್ಟವಾಗುತ್ತವೆ. ತಳದಲ್ಲಿ, ಗಿಡಗಳ ಮೇಲೆ ಅಂಟಿ ಬೆಳೆಯುವ ಡಯಾಟಂಗಳು ಹೆಚ್ಚುತ್ತವೆ. ಇವು ಗಾಜಿನಂಥ ಚಿಪ್ಪಿನ ಸೂಕ್ಷ್ಮ ಜೀವಿಗಳು. ಸತ್ತ ಮೇಲೂ ಚಿಪ್ಪು ಕೆಸರಲ್ಲಿ ಉಳಿಯುತ್ತದೆ. ಹಾಗಾಗಿ ಕೆರೆತಳದಿಂದ ಕೊಳವೆಯಲ್ಲಿ ಕೆಸರು ತೆಗೆದು ಪದರ ಪದರವಾಗಿ ನೋಡಿದರೆ, ದಂಡೆ ಯಾವಾಗ ಕುಸಿಯಿತು, ಆಮೇಲೆ ಯಾವ ಜೀವಿ ಬಂತು ಅಂತ ಓದಬಹುದು. ಕರಗಿದ ನೆಲದಿಂದ ಗೊಬ್ಬರ ಸಿಕ್ಕಿ ನೀರಲ್ಲಿ ತೇಲುವ ಪಾಚಿಯೂ ಹೆಚ್ಚಬೇಕಿತ್ತು, ಆದರೆ ಇಲ್ಲಿ ಹಾಗಾಗಿಲ್ಲ. ಪಾಚಿಗೆ ಗೊಬ್ಬರವಾಗಬೇಕಿದ್ದ ರಂಜಕವೂ ಜೇಡಿಗೆ ಅಂಟಿ ತಳ ಸೇರುತ್ತದೆ. ಕುಸಿತ ನಿಂತು, ಗಾಯದ ಮೇಲೆ ವಿಲೋ ಪೊದೆ ಬೆಳೆದು ದಶಕಗಳಾದರೂ ಕೆರೆ ಹಳೆಯ ಬಣ್ಣಕ್ಕೆ ಮರಳುವುದಿಲ್ಲ.

ಎಲ್ಲ ಕಡೆ ಹೀಗೇ ಅಂದುಕೊಂಡರೆ ತಪ್ಪು. ಟಕ್‌ನಿಂದ ಈಶಾನ್ಯಕ್ಕೆ, ಸಮುದ್ರದಾಚೆ ಬ್ಯಾಂಕ್ಸ್ ದ್ವೀಪ ಇದೆ. ಅಲ್ಲಿ 1984ರಿಂದ 2015ರ ನಡುವೆ ಇಂಥ ಕುಸಿತಗಳು 60 ಪಟ್ಟು ಹೆಚ್ಚಾದವು ಅಂತ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದ್ದಾರೆ. ಕಾರಣ ಕೆಲವು ವಿಪರೀತ ಬಿಸಿಯ ಬೇಸಿಗೆಗಳು. ಅಲ್ಲಿ ನೂರಾರು ಕೆರೆಗಳು ಕದಡಿ ಬಣ್ಣ ಬದಲಿಸಿದವು, ತಿಳಿಯಾಗಲಿಲ್ಲ. ಮಣ್ಣು ಎಂಥದು, ಕೆಸರು ಎಷ್ಟು, ಕೆರೆ ಎಷ್ಟು ದೊಡ್ಡದು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕೆಲವು ಕೆರೆಗಳು ಬಣ್ಣ ಬದಲಿಸುವುದಿಲ್ಲ, ಇಲ್ಲವಾಗಿಬಿಡುತ್ತವೆ. ಇನುವಿಕ್‌ನ ದಕ್ಷಿಣಕ್ಕೆ, ಫೋರ್ಟ್ ಮ್ಯಾಕ್‌ಫರ್ಸನ್ ಹತ್ತಿರ ದಿಬ್ಬದ ಮೇಲೊಂದು ಹೆಸರಿಲ್ಲದ ಕೆರೆ ಇತ್ತು. ಕುಸಿತದ ಗೋಡೆ ಹಿಂದೆ ಸರಿಯುತ್ತ ಅದರ ದಂಡೆಗೇ ಬಂದು ಮುಟ್ಟಿತ್ತು. ಹೀಗಾಗುತ್ತದೆ ಅಂತ ಭೂವಿಜ್ಞಾನಿಗಳು ಮೊದಲೇ ಹೇಳಿ ಕ್ಯಾಮೆರಾ ಇಟ್ಟು ಕಾದಿದ್ದರು. 2015ರ ಡಿಸೆಂಬರ್‌ನಲ್ಲಿ ದಂಡೆ ಒಡೆದು, ಎರಡೇ ಗಂಟೆಯಲ್ಲಿ ಸುಮಾರು 30,000 ಘನ ಮೀಟರ್ ನೀರು ಕಣಿವೆಗೆ ಧುಮುಕಿತು.

ನೀರು ಪೂರ್ತಿ ಹೋಗಬೇಕಿಲ್ಲ, ಮಟ್ಟ ಇಳಿದರೂ ಮೀನಿಗೆ ಕಷ್ಟವೇ. ಚಳಿಗಾಲದಲ್ಲಿ ಇಲ್ಲಿ ಎರಡು ಮೀಟರ್‌ವರೆಗೆ ಮಂಜು ಕಟ್ಟುತ್ತದೆ. ಅದಕ್ಕಿಂತ ಆಳ ಇಲ್ಲದ ಕೆರೆ ತಳದವರೆಗೂ ಗಟ್ಟಿ. ಮೀನು ಬದುಕುವುದು ಆಳದ ಕೆರೆಗಳಲ್ಲಿ ಮಾತ್ರ.

ಟಕ್ ಹತ್ತಿರವಾದಂತೆ ಸಪಾಟು ಬಯಲಲ್ಲಿ ಮೊನಚು ಗುಡ್ಡಗಳು ಕಾಣತೊಡಗಿದವು. ಇವೇ ಪಿಂಗೊಗಳು. ಇಬ್ಯುಕ್ ಅನ್ನುವುದು ಸುಮಾರು 49 ಮೀಟರ್ ಎತ್ತರ, ಒಳಗೆಲ್ಲ ಮಂಜು. ಇವು ಹುಟ್ಟುವುದೂ ಸತ್ತ ಕೆರೆಗಳಿಂದಲೇ. ಕೆರೆ ಬರಿದಾದಾಗ ಅದರಡಿಯ ಒದ್ದೆ ನೆಲ ಮತ್ತೆ ಹೆಪ್ಪುಗಟ್ಟುತ್ತದೆ, ಒಳಗೆ ಸಿಕ್ಕಿಬಿದ್ದ ನೀರು ಮೇಲಕ್ಕೆ ಒತ್ತಿ ಗುಡ್ಡವಾಗುತ್ತದೆ. ರಾಸ್ ಮೆಕೇ ಅನ್ನುವ ಕೆನಡಾದ ವಿಜ್ಞಾನಿ ಇದನ್ನು ಜೀವಮಾನವಿಡೀ ಅಳೆದವರು. 1978ರಲ್ಲಿ ಇಲ್ಲಿಸಾರ್ವಿಕ್ ಅನ್ನುವ ಕೆರೆಯನ್ನು ಕಾಲುವೆ ತೋಡಿ ಬೇಕೆಂದೇ ಬರಿದು ಮಾಡಿ, ನೆಲ ಹೇಗೆ ಹೆಪ್ಪುಗಟ್ಟುತ್ತದೆ ಅಂತ ವರ್ಷಗಟ್ಟಲೆ ನೋಡಿದರು. ನಮ್ಮಲ್ಲಿ ಕೆರೆ ಬತ್ತಿಸಿದರೆ ಸೈಟು ಮಾಡುತ್ತಾರೆ, ಪುಣ್ಯಾತ್ಮ ಥರ್ಮಾಮೀಟರ್ ನೆಟ್ಟರು.

ಟಕ್‌ನಲ್ಲಿ ಸಮುದ್ರವೇ ದಂಡೆ ತಿನ್ನುತ್ತಿದೆ. ಅಂಚಿನ ಕೆಲವು ಮನೆಗಳನ್ನು ಒಳಕ್ಕೆ ಸಾಗಿಸಿದ್ದಾರೆ. ಒಂದು ಮನೆಯಲ್ಲಿ ಹೊಗೆ ಹಾಕಿ ಒಣಗಿಸಿದ ವೈಟ್‌ಫಿಶ್ ಕೊಂಡೆವು. ಮಾರುವ ಅಜ್ಜಿಯನ್ನು ಯಾವ ಕೆರೆಯದು ಅಂತ ಕೇಳಿದರೆ ಜಾಗ ಹೇಳಲೇ ಇಲ್ಲ. ಮೀನು ಹಿಡಿಯುವವರು ಎಲ್ಲ ಕಡೆ ಒಂದೇ.

ಹೋಗುವವರಿಗೆ ಎರಡು ಮಾತು. ಯೆಲ್ಲೋನೈಫ್ ಅಥವಾ ವೈಟ್‌ಹಾರ್ಸ್ ಕಡೆಯಿಂದ ಇನುವಿಕ್‌ಗೆ ವಿಮಾನ ಸಿಗುತ್ತದೆ. ಟಕ್ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಟ್ಯಾಂಕ್ ತುಂಬಿಸಿಕೊಳ್ಳಿ. ತಲೆಗೆ ಸೊಳ್ಳೆ ಬಲೆ ಬೇಕೇ ಬೇಕು. ಕುಸಿತದ ಕೆಸರು ಮೇಲೆ ಒಣಗಿದ ಹಾಗೆ ಕಂಡರೂ ಕಾಲಿಡಬೇಡಿ, ಒಳಗೆ ಮೆತ್ತಗಿರುತ್ತದೆ. ಗೋಡೆಯ ಮೇಲಂಚಿಗಂತೂ ಹೋಗಲೇಬೇಡಿ, ಅಲ್ಲಿ ಪಾಚಿಯ ಕೆಳಗೆ ನೆಲ ಇರುವುದಿಲ್ಲ.