ಡಿಸೆಂಬರಿನ ಹಾಡು, ಸೆಪ್ಟೆಂಬರಿನ ಅಭ್ಯಾಸ

ಸಮುದಾಯದ ಗಾಯನವೃಂದವೊಂದರ ಆಲ್ಟೋ (ಹೆಣ್ಣುದನಿಗಳಲ್ಲಿ ತಗ್ಗಿನದು) ಸಾಲಿನಲ್ಲಿ ನಿಂತು ಹಾಡುವ ನನಗೆ ಕ್ರಿಸ್‌ಮಸ್ ಆರಂಭವಾಗುವುದು ಸೆಪ್ಟೆಂಬರಿನಲ್ಲಿಯೇ. ವಾರಕ್ಕೊಮ್ಮೆ ಮಾತ್ರ ಸೇರುವ ಹವ್ಯಾಸಿಗಳಿಗೆ ಅಷ್ಟು ಕಾಲಾವಕಾಶ ಬೇಕೇ ಬೇಕು. ಚಳಿಗಾಲದ ಕಾರ್ಯಕ್ರಮವೆಂದರೆ ಸಂಗೀತ ರಚನಕಾರ ಹ್ಯಾಂಡೆಲ್‌ನ, ಕ್ರಿಸ್ತನ ಕುರಿತ ಗಾಯನಕೃತಿ ‘ಮೆಸ್ಸಾಯ’ ಇರಲೇಬೇಕೆಂದು ಕೇಳುಗರು ಬಯಸುತ್ತಾರೆ. ಆದರೆ 1741ರಲ್ಲಿ ಸುಮಾರು 24 ದಿನಗಳಲ್ಲಿ ರಚನೆಯಾದ ಈ ಕೃತಿ ಮೊದಲು ಪ್ರದರ್ಶನಗೊಂಡದ್ದು 1742ರ ಏಪ್ರಿಲ್ 13ರಂದು, ಡಬ್ಲಿನ್‌ನಲ್ಲಿ; ಅದರ ಸುಪ್ರಸಿದ್ಧ ‘ಹಲ್ಲೆಲೂಯ’ ವೃಂದಗಾನವೂ ಕ್ರಿಸ್ತನ ಮರಣ, ಪುನರುತ್ಥಾನಗಳನ್ನು ಹಾಡುವ ಎರಡನೆಯ ಭಾಗದ ಕೊನೆಗೆ ಬರುತ್ತದೆಯೇ ಹೊರತು ಕ್ರಿಸ್ತಜನನದ ಭಾಗದಲ್ಲಲ್ಲ. ಆದ್ದರಿಂದ ಅದನ್ನು ಈಸ್ಟರಿಗೆ ಹಾಡೋಣವೆಂಬುದು ನನ್ನ ಹಳೆಯ ವಾದ. (ಟಿಕೆಟ್ ಮಾರಾಟದ ಮಾತು ಬಂದೊಡನೆ ಆ ವಾದ ಸೋಲುತ್ತದೆ.)

ವಸಂತದ ಕಾರ್ಯಕ್ರಮದಲ್ಲಿ ಪಕ್ಕವಾದ್ಯವಿಲ್ಲದ ಹಾಡುಗಳೇ ಹೆಚ್ಚು. ನಿಜವಾದ ಪರೀಕ್ಷೆಯೂ ಅಲ್ಲಿಯೇ. ಪಿಯಾನೋದ ಆಸರೆ ತಪ್ಪಿದರೆ ಶ್ರುತಿ ನಮಗೇ ತಿಳಿಯದಂತೆ ಜಾರುತ್ತದೆ. ಕಳೆದ ಬಾರಿ ಅಭ್ಯಾಸದಲ್ಲಿ ಹಾಡು ಮುಗಿಸಿ ಪಿಯಾನೋದ ಮನೆಯೊಂದನ್ನು ಒತ್ತಿ ನೋಡಿದಾಗ ನಾವು ಅರ್ಧ ಸ್ವರದಷ್ಟು ಕೆಳಗಿದ್ದೆವು. ದೀರ್ಘ ಸ್ವರಗಳಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ನಾದ ತುಂಡಾಗುವುದರಿಂದ, ಪ್ರತಿಯೊಬ್ಬರೂ ಪಕ್ಕದವರು ಉಸಿರೆಳೆಯದ ಜಾಗವನ್ನು ಹುಡುಕಿಕೊಂಡು, ಸದ್ದಿಲ್ಲದೆ ಹೊರಬಿದ್ದು, ಮೊದಲಿಗಿಂತ ಮೆಲುದನಿಯಲ್ಲಿ ಮತ್ತೆ ಒಳಸೇರಬೇಕು. ಇದಕ್ಕಾಗಿ ನನ್ನ ಸ್ವರಲಿಪಿಯ ಹಾಳೆಯಲ್ಲಿ ಪೆನ್ಸಿಲಿನಿಂದ ಅಲ್ಪವಿರಾಮದಂತಹ ಗುರುತುಗಳನ್ನು ಹಾಕಿಕೊಂಡಿದ್ದೇನೆ. ಬಲಗಡೆ ನಿಲ್ಲುವವರ ಹಾಳೆಯಲ್ಲಿ ಅವೇ ಗುರುತುಗಳು ಎರಡು ತಾಳ ಮುಂದಿವೆ.