ಮಸಿ ಮೆತ್ತಿದ ಭಾನುವಾರ

ಈಗೀಗ ಭಾನುವಾರ ಮುಂಬೈಯ ಮಾಟುಂಗದಿಂದ ಸ್ಲೋ ಲೋಕಲ್ ಹಿಡಿದು ಭೇಂಡಿ ಬಜಾರ್ ಕಡೆ ಹೋಗುತ್ತಿದ್ದೇನೆ. ಅರಬಿ ಅಕ್ಷರಗಳನ್ನು ಕಲೆಯಾಗಿ ಬರೆಯುವುದನ್ನು, ಅಂದರೆ ಕ್ಯಾಲಿಗ್ರಫಿ, ಕಲಿಯೋಕೆ. ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಕಲಮು ಕೆತ್ತುವುದರಲ್ಲೇ ಹೋಗುತ್ತದೆ ಅನ್ನಿ. ಒಣಗಿದ ಜೊಂಡಿನ ಕಡ್ಡಿ. ತುದಿಯನ್ನು ಓರೆಯಾಗಿ ಕತ್ತರಿಸಿ ನಡುವೆ ಸಣ್ಣ ಸೀಳು ಕೊಡಬೇಕು. ಓರೆ ಸ್ವಲ್ಪ ಬದಲಾದರೂ ಅಕ್ಷರದ ಮೈಕಟ್ಟೇ ಬೇರೆ.

ಮಸಿಯೂ ಕೈಯಾರೆ ಮಾಡಿದ್ದೇ. ದೀಪದ ಕಾಡಿಗೆ, ಜಾಲಿ ಜಾತಿಯ ಮರದ ಗೋಂದು, ನೀರು. ಅರೆಯುತ್ತಲೇ ಇರಬೇಕು. ದೌತಿಯೊಳಗೆ ರೇಷ್ಮೆ ಎಳೆಯ ಉಂಡೆ ಇಡುತ್ತಾರೆ, ಕಲಮು ಅಗತ್ಯಕ್ಕಿಂತ ಜಾಸ್ತಿ ಮಸಿ ಕುಡಿಯದಿರಲಿ ಅಂತ. ಕಾಗದಕ್ಕೆ ಮೊಟ್ಟೆಯ ಬಿಳಿ ಮತ್ತು ಪಟಿಕ ಸವರಿ, ಒಣಗಿಸಿ, ಅಗೇಟ್ ಕಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಾರೆ. ಮಸಿ ಒಳಗೆ ಇಂಗದೆ ಮೇಲೆಯೇ ನಿಲ್ಲುತ್ತದೆ. ತಪ್ಪಿದರೆ ಒದ್ದೆ ಮಾಡಿ ಒರೆಸಬಹುದು! ಮೊಟ್ಟೆಯ ಸುದ್ದಿ ಕೇಳಿ ಅವ್ವ ಫೋನಿನಲ್ಲೇ ಮುಖ ಸಿಂಡರಿಸಿದ್ದು ಬೇರೆ ಕಥೆ.

ಅಳತೆಗೆ ಸ್ಕೇಲ್ ಇಲ್ಲ. ಕಲಮು ಒತ್ತಿದಾಗ ಬೀಳುವ ಚುಕ್ಕಿಯೇ ಅಳತೆ. 10ನೇ ಶತಮಾನದ ಬಾಗ್ದಾದಿನ ಲಿಪಿಕಾರ ಇಬ್ನ್ ಮುಕ್ಲಾ ಹಾಕಿಕೊಟ್ಟ ಲೆಕ್ಕ ಅಂತ ಹೇಳುತ್ತಾರೆ. ಸುಲುಸ್ ಎಂಬ ಶೈಲಿಯಲ್ಲಿ ಅರಬಿಯ ಮೊದಲ ಅಕ್ಷರ, ನೆಟ್ಟಗಿನ ಗೆರೆಯಂಥ ಅಲಿಫ್‌ನ ಎತ್ತರ ಸುಮಾರು 7 ಚುಕ್ಕಿ.

ನನ್ನೂರು ವಿಜಯಪುರ ಅಂದಾಗ ಉಸ್ತಾದರ ಮುಖ ಅರಳಿತು. "ಹಾಗಾದರೆ ಇಬ್ರಾಹಿಂ ರೋಜಾ ನೋಡಿರಬೇಕಲ್ಲ!" ನೋಡದೇ ಇರ್ತೀನಾ. ಆ ಸಮಾಧಿ ಕಟ್ಟಡದಲ್ಲಿ ಕಿಟಕಿಯ ಕಲ್ಲನ್ನೇ ಅಕ್ಷರವಾಗಿ ಕೊರೆದಿದ್ದಾರೆ. ಕಾಗದದ ಮೇಲೆ ಒಂದು ಅಲಿಫ್ ನೆಟ್ಟಗೆ ನಿಲ್ಲಿಸೋಕೇ ಇಷ್ಟು ಕಷ್ಟ, ಕಲ್ಲಿನಲ್ಲಿ ಹೇಗೆ ಮಾಡಿದರೋ. ಊರಲ್ಲಿರುವ ಗೆಳೆಯರೇ, ಆ ಕಿಟಕಿಗಳ ಫೋಟೋ ಹತ್ತಿರದಿಂದ ತೆಗೆದು ಕಳಿಸಿ. ಚುಕ್ಕಿ ಎಣಿಸಬೇಕಿದೆ.